ನೀಲಿ ಮಾತ್ರೆ, ಕೆಂಪು ಪಾಯಸ: ಮಕ್ಕಳ ಆರೋಗ್ಯ ಸಾಕ್ಷರತೆಯನ್ನು ಅಳೆಯುವುದು ಹೇಗೆ?

(ಮಡಿಕೇರಿಯಲ್ಲಿ ಪ್ರೌಢಶಾಲೆ ಶಿಕ್ಷಕರು ಮತ್ತು ಆಶಾ ಕಾರ್ಯಕರ್ತೆಯರು ಸೇರಿದ್ದಾಗ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ, ಸ್ವಲ್ಪ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಸಿದ್ದಾಪುರ, ಶನಿವಾರಸಂತೆ ಕಡೆಯಿಂದ ಬಸ್ಸು ಹತ್ತಿ ಬಂದಿದ್ದೀರಿ. ಕೊಡೆ ಎಲ್ಲ ಬಾಗಿಲ ಹತ್ತಿರ ಇನ್ನೂ ನೀರು ಸುರಿಸುತ್ತಿವೆ. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ.

ಕಕ್ಕಡ ಹದಿನೆಂಟು, ಅಂದರೆ ನಮ್ಮ ಕೊಡಗಿನಲ್ಲಿ ಕಕ್ಕಡ ತಿಂಗಳ ಹದಿನೆಂಟನೇ ದಿನ, ನಿಮಗೆಲ್ಲ ಗೊತ್ತಲ್ವಾ. ಅರೆಭಾಷೆಯವರಿಗೆ ಅದು ಆಟಿ ಹದಿನೆಂಟು. ಆಗಸ್ಟ್ 3ರ ಹೊತ್ತಿಗೆ ಬರುತ್ತದೆ. ಆ ದಿನ ಮದ್ದು ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಸೇರಿರುತ್ತದೆ ಅನ್ನುವ ನಂಬಿಕೆ. ಸೊಪ್ಪು ಬೇಯಿಸಿದ ಆ ನೇರಳೆ ನೀರಿನಲ್ಲಿ ಪಾಯಸ ಮಾಡುತ್ತೇವೆ, ತಿಂದ ಮೇಲೆ ಮೂತ್ರ ಕೆಂಪಾಗಿ ಹೋಗುತ್ತದೆ. ಆರು ವರ್ಷದ ಮಗುವೂ ಅದನ್ನು ನೋಡಿ ಹೆದರುವುದಿಲ್ಲ. 'ಅಜ್ಜಿ, ನಂಗೂ ಬಂತು' ಅಂತ ಓಡಿ ಬಂದು ಹೇಳುತ್ತದೆ. ಹೆದರಿಕೆ ಯಾಕಿಲ್ಲ ಅಂದರೆ, ಬಟ್ಟಲಿಗೆ ಪಾಯಸ ಬಡಿಸುವಾಗಲೇ ಅಜ್ಜಿ ಹೇಳಿರುತ್ತಾರೆ, ನಾಳೆ ಕೆಂಪಾಗುತ್ತೆ ಮಗ, ಅದು ಸೊಪ್ಪಿನ ಬಣ್ಣ ಅಂತ.

ಈಗ ನೀಲಿ ಮಾತ್ರೆಗೆ ಬನ್ನಿ. ಹತ್ತರಿಂದ ಹತ್ತೊಂಬತ್ತು ವರ್ಷದ ಮಕ್ಕಳಿಗೆ ವಾರಕ್ಕೊಂದು ಕೊಡುತ್ತೇವಲ್ಲ, ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆ. ಒಂದೊಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಒಂದು ವರ್ಷ ಜುಲೈನಲ್ಲಿ ನಮ್ಮ ಶಾಲೆಯ ಹಿಂದಿನ ಚರಂಡಿಯಲ್ಲಿ ನಾನು ಹನ್ನೊಂದು ಮಾತ್ರೆ ಎಣಿಸಿದೆ. ಮಳೆನೀರಿಗೆ ಮೇಲಿನ ಲೇಪ ಕರಗಿ, ಒಂದೊಂದರ ಸುತ್ತಲೂ ಶಾಯಿ ಚೆಲ್ಲಿದ ಹಾಗೆ ನೀಲಿ ಹರಡಿತ್ತು. ಯಾರನ್ನೂ ಬೈಯಲಿಲ್ಲ. ಒಂಬತ್ತನೇ ಕ್ಲಾಸಿನ ಒಬ್ಬಳು ಹುಡುಗಿಯನ್ನು ಸುಮ್ನೆ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದೆ. 'ಟೀಚರ್, ಕಕ್ಕಸಿಗೆ ಹೋದ್ರೆ ಕಪ್ಪಗೆ ಬಂತು. ಹೊಟ್ಟೆಯೊಳಗೆ ಏನೋ ಹಾಳಾಗಿದೆ ಅಂತ ಅಮ್ಮ ಇನ್ನು ಮಾತ್ರೆ ಬೇಡ ಅಂದ್ರು' ಅಂದಳು.

ಕಬ್ಬಿಣದ ಮಾತ್ರೆ ನುಂಗಿದರೆ ಮಲ ಕಪ್ಪಾಗುವುದು ಸಹಜ. ನನಗದು ಗೊತ್ತಿತ್ತು, ಆದರೆ ನಾನು ಹೇಳಿರಲಿಲ್ಲ. ಮದ್ದು ಪಾಯಸ ತಿಂದು ಕೆಂಪು ಬಂದಾಗ ನಗುವ ಅದೇ ಹುಡುಗಿ, ಮಾತ್ರೆ ನುಂಗಿ ಕಪ್ಪು ಬಂದಾಗ ಹೆದರಿದಳು. ಬುದ್ಧಿ ಅದೇ, ಮೈ ಅದೇ. ಪಾಯಸ ಬಡಿಸಿದವರು ಹೇಳಿದ್ದರು, ಮಾತ್ರೆ ಕೊಟ್ಟ ನಾನು ಹೇಳಿರಲಿಲ್ಲ. ಇವಳ ಆರೋಗ್ಯ ಸಾಕ್ಷರತೆ, ಅಂದರೆ ಆರೋಗ್ಯದ ಮಾಹಿತಿಯನ್ನು ತಿಳಿದು ಬಳಸುವ ಶಕ್ತಿ, ಕಡಿಮೆ ಅಂತ ಒಂದು ಅಂಕಿ ಬರೆದುಬಿಟ್ಟರೆ, ಆ ಅಂಕಿ ಅವಳದ್ದೋ ನನ್ನದೋ? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಇವತ್ತು ನಾನು ಹೇಳುವುದಕ್ಕೆಲ್ಲ ಬುಡ ಅದೇ.

'ಆರೋಗ್ಯ ಸಾಕ್ಷರತೆ' ಅನ್ನುವ ಪದ ಹೊಸದೇನಲ್ಲ. 1974ರಲ್ಲಿ ಸ್ಕಾಟ್ ಸೈಮಂಡ್ಸ್ ಅನ್ನುವವರು ಇದನ್ನು ಬಳಸಿದಾಗ ಅವರ ಕಣ್ಣಿದ್ದದ್ದು ಶಾಲೆಗಳ ಮೇಲೆಯೇ. ಉಳಿದ ಪಾಠದ ಹಾಗೆ ಆರೋಗ್ಯದಲ್ಲೂ ಮಕ್ಕಳಿಗೆ ಇಷ್ಟು ಗೊತ್ತಿರಲೇಬೇಕು ಅನ್ನುವ ಮಟ್ಟ ಇರಲಿ ಅನ್ನುವುದು ಅವರ ಮಾತು. ಆಮೇಲೆ ವಿಷಯ ಆಸ್ಪತ್ರೆಗಳ ಕಡೆ, ದೊಡ್ಡವರ ಕಡೆ ಹೋಯಿತು. 2000ದಲ್ಲಿ ಡಾನ್ ನಟ್‌ಬೀಮ್ ಇದನ್ನು ಮೂರು ಹಂತ ಮಾಡಿದರು. ಓದಿ ಅರ್ಥ ಮಾಡಿಕೊಂಡು ಹೇಳಿದ ಹಾಗೆ ಮಾಡುವುದು ಒಂದು. ಬೇರೆಯವರ ಜೊತೆ ಮಾತಾಡಿ, ಕೇಳಿ, ತನಗೆ ಬೇಕಾದ್ದನ್ನು ತಿಳಿದುಕೊಳ್ಳುವುದು ಇನ್ನೊಂದು. ಹೇಳಿದ್ದು ಸರಿಯೇ ತಪ್ಪೇ ಅಂತ ತೂಗಿ ನೋಡುವುದು ಮೂರನೆಯದು. 2012ರಲ್ಲಿ ಯುರೋಪಿನ ಒಂದು ತಂಡ ಇದನ್ನೆಲ್ಲ ಒಟ್ಟು ಮಾಡಿ ನಾಲ್ಕು ಕೆಲಸ ಅಂತ ಹೇಳಿತು: ಮಾಹಿತಿ ಹುಡುಕುವುದು, ಅರ್ಥ ಮಾಡಿಕೊಳ್ಳುವುದು, ತೂಗಿ ನೋಡುವುದು, ಬಳಸುವುದು. ನೀಲಿ ಮಾತ್ರೆಯ ಹುಡುಗಿ ಈ ನಾಲ್ಕರಲ್ಲಿ ಎಲ್ಲಿ ಎಡವಿದಳು ಅಂತ ನೋಡಿ. ಮೊದಲನೆಯದರಲ್ಲೇ. ಮಾಹಿತಿ ಅವಳ ಕೈಗೆ ಬರಲೇ ಇಲ್ಲ.

ಅಳೆಯುವ ಸಾಧನಗಳು ಎಷ್ಟೋ ಇವೆ. ಹೆಚ್ಚಿನವು ಮೊದಲು ದೊಡ್ಡವರಿಗಾಗಿ ಆದವು, ಆಮೇಲೆ ಹದಿಹರೆಯದವರಿಗೆ ಇಳಿದು ಬಂದವು. ಹತ್ತು ವರ್ಷದೊಳಗಿನವರಿಗೆ ಅಂತಲೇ ಮಾಡಿದ್ದು ಬಹಳ ಕಡಿಮೆ. ಎಲ್ಲವನ್ನೂ ಹೇಳುವುದಿಲ್ಲ, ನಾನೇ ತಲೆ ಕೆಡಿಸಿಕೊಂಡ ಮೂರನ್ನು ಹೇಳುತ್ತೇನೆ.

ಮೊದಲನೆಯದು ಅಮೆರಿಕದ 'ರೆಲ್ಮ್-ಟೀನ್'. 2006ರದ್ದು. 66 ಪದಗಳ ಪಟ್ಟಿ, ಎಲ್ಲ ಆರೋಗ್ಯಕ್ಕೆ ಸಂಬಂಧಿಸಿದವು. ಮಗು ಜೋರಾಗಿ ಓದಬೇಕು, ಎಷ್ಟು ಪದದ ಉಚ್ಚಾರ ಸರಿ ಬಂತೋ ಅಷ್ಟು ಅಂಕ. ಅರ್ಥ ಕೇಳುವುದಿಲ್ಲ. ಇಂಗ್ಲಿಷಿನಲ್ಲಿ ಇದು ಒಂದು ಮಟ್ಟಕ್ಕೆ ನಡೆಯುತ್ತದೆ, ಯಾಕೆಂದರೆ ಅಲ್ಲಿ ಬರೆಯುವುದು ಒಂದು, ಓದುವುದು ಇನ್ನೊಂದು. ಮೊದಲೇ ಪರಿಚಯ ಇಲ್ಲದ ಪದ ಬಾಯಿಗೆ ಸರಿಯಾಗಿ ಬರುವುದು ಕಷ್ಟ. ಇದನ್ನೇ ಕನ್ನಡಕ್ಕೆ ತಂದರೆ ಏನಾಗುತ್ತದೆ? ನಾವು ಬರೆದ ಹಾಗೇ ಓದುವವರು. ಐದನೇ ಕ್ಲಾಸಿನ ಮಗು 'ರಕ್ತಹೀನತೆ' ಅಂತ ಒತ್ತಕ್ಷರ ಸಮೇತ ಚೆನ್ನಾಗಿ ಓದುತ್ತದೆ. ಹಾಗೆಂದರೇನು ಅಂತ ಕೇಳಿದರೆ 'ರಕ್ತ ಬರೋದು' ಅನ್ನುತ್ತದೆ. ನೂರಕ್ಕೆ ನೂರು ಅಂಕ, ಅರ್ಥ ಸೊನ್ನೆ. ಸ್ಪ್ಯಾನಿಷಿನವರಿಗೂ ಇದೇ ತೊಂದರೆ ಆಯಿತು, ಅವರದ್ದೂ ಬರೆದ ಹಾಗೆ ಓದುವ ಭಾಷೆ. ಅದಕ್ಕೇ ಅವರು ಪದ ಓದಿಸಿ, ಜೊತೆಗೆ ಎರಡು ಪದ ಕೊಟ್ಟು, ಯಾವುದು ಇದಕ್ಕೆ ಹತ್ತಿರ ಅಂತ ಕೇಳುವ ಪರೀಕ್ಷೆ ಮಾಡಿಕೊಂಡರು. ಕನ್ನಡದಲ್ಲಿ ಪದ ಓದಿಸುವ ಪರೀಕ್ಷೆ ಮಾಡುತ್ತೇನೆ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಈ ಒಂದು ಮಾತು ನೆನಪು ಮಾಡಿ.

ಎರಡನೆಯದು 2005ರ 'ನ್ಯೂಯೆಸ್ಟ್ ವೈಟಲ್ ಸೈನ್'. ಒಂದು ಐಸ್‌ಕ್ರೀಮ್ ಡಬ್ಬಿಯ ಲೇಬಲ್ ಕೊಟ್ಟು ಆರು ಪ್ರಶ್ನೆ ಕೇಳುತ್ತಾರೆ. ಪೂರ್ತಿ ಡಬ್ಬಿ ತಿಂದರೆ ಎಷ್ಟು ಕ್ಯಾಲೊರಿ? ಕಡಲೆಕಾಯಿ ಆಗದವರು ಇದನ್ನು ತಿನ್ನಬಹುದಾ, ಯಾಕೆ? ಈ ಥರದ್ದು. ನನಗಿದು ಇಷ್ಟ, ಯಾಕೆಂದರೆ ಮಗು ತನ್ನ ಬಗ್ಗೆ ಏನು ಅಂದುಕೊಂಡಿದೆ ಅಂತ ಇಲ್ಲಿ ಕೇಳುವುದಿಲ್ಲ, ಮಾಡಿಸಿ ನೋಡುತ್ತಾರೆ. ಲೆಕ್ಕವೂ ಬರುತ್ತದೆ. ಆದರೆ ನಮ್ಮ ಮಕ್ಕಳು ಕೈಯಲ್ಲಿ ಹಿಡಿಯುವುದು ಹತ್ತು ರೂಪಾಯಿಯ ಬಿಸ್ಕೆಟ್ ಪೊಟ್ಟಣ. ಅದರ ಮೇಲೆ ಸಕ್ಕರೆ ಎಷ್ಟು ಅನ್ನುವುದನ್ನು ಸಾಮಾನ್ಯವಾಗಿ 100 ಗ್ರಾಂ ಲೆಕ್ಕದಲ್ಲಿ ಹಾಕಿರುತ್ತಾರೆ, ಪೊಟ್ಟಣದ ತೂಕ ಬೇರೆ ಇರುತ್ತದೆ. ಹಾಗಾದರೆ ಇದರಲ್ಲಿ ಸಕ್ಕರೆ ಎಷ್ಟು ಅಂತ ಏಳನೇ ಕ್ಲಾಸಿನವರನ್ನು ಕೇಳಿದೆ. ಗಣಿತದಲ್ಲಿ ಶೇಕಡಾ ಲೆಕ್ಕ ಚಕಚಕ ಮಾಡುವ ಹುಡುಗರು ಸುಮ್ಮನಾದರು. ಲೆಕ್ಕ ಬರುತ್ತಿತ್ತು, ಆ ಸಣ್ಣ ಅಕ್ಷರದ ಚೌಕ ಓದುವುದಕ್ಕೆ ಇರುವಂಥದ್ದು ಅಂತಲೇ ಅವರಿಗೆ ಗೊತ್ತಿರಲಿಲ್ಲ. ಅದೂ ಇಂಗ್ಲಿಷಿನಲ್ಲಿ.

ಮೂರನೆಯದು ಫಿನ್‌ಲೆಂಡಿನಿಂದ ಬಂದದ್ದು, 2016ರದ್ದು, ಶಾಲೆ ಮಕ್ಕಳಿಗೆ ಅಂತಲೇ ಮಾಡಿದ್ದು. ಫಿನ್‌ಲೆಂಡಿನಲ್ಲಿ ಆರೋಗ್ಯ ಅನ್ನುವುದು ಶಾಲೆಯಲ್ಲಿ ಒಂದು ಬೇರೆಯೇ ವಿಷಯ, ಹಾಗಾಗಿ ಅವರು ಈ ಬಗ್ಗೆ ಜಾಸ್ತಿ ಯೋಚಿಸಿದ್ದಾರೆ. ಹತ್ತು ವಾಕ್ಯಗಳು. ಪ್ರತಿ ವಾಕ್ಯಕ್ಕೂ 'ಸ್ವಲ್ಪವೂ ಸರಿಯಲ್ಲ' ಅನ್ನುವುದರಿಂದ 'ಖಂಡಿತ ಸರಿ' ಅನ್ನುವವರೆಗೆ ನಾಲ್ಕು ಮನೆ, ಒಂದಕ್ಕೆ ಮಗು ಟಿಕ್ ಹಾಕಬೇಕು. ಒಟ್ಟು ಅಂಕ 10ರಿಂದ 40. 25 ಮತ್ತು ಅದಕ್ಕಿಂತ ಕೆಳಗಾದರೆ ಕಡಿಮೆ, 36 ಮತ್ತು ಅದಕ್ಕಿಂತ ಮೇಲಾದರೆ ಜಾಸ್ತಿ ಅಂತ ಲೆಕ್ಕ. ಯುರೋಪಿನ ಹತ್ತು ದೇಶಗಳಲ್ಲಿ 15 ವರ್ಷದವರಿಗೆ ಇದನ್ನು ಕೊಟ್ಟು ಹೋಲಿಸಿ ನೋಡಿದ್ದಾರೆ. ಚಿಕ್ಕದು, ಚೊಕ್ಕದು, ಹತ್ತು ನಿಮಿಷದ ಕೆಲಸ. ಇದರಲ್ಲಿ ನನಗೆ ಮೆಚ್ಚುಗೆಯಾದದ್ದು, ತನ್ನ ಸುತ್ತಲಿನವರ ಆರೋಗ್ಯಕ್ಕೆ ಏನು ಮಾಡಬಹುದು ಅಂತಲೂ ಮಗುವನ್ನು ಕೇಳುತ್ತಾರೆ. ಬರೀ ತನ್ನ ಹಲ್ಲು, ತನ್ನ ಕೈ ತೊಳೆಯುವುದಕ್ಕೆ ನಿಲ್ಲುವುದಿಲ್ಲ.

ಇದನ್ನೇ ಕನ್ನಡ ಮಾಡಿ ನಮ್ಮ ಎಂಟನೇ ಕ್ಲಾಸಿಗೆ ಕೊಟ್ಟು ನೋಡೋಣ ಅಂದುಕೊಂಡೆ. ಬೇರೆ ಬೇರೆ ಕಡೆಯಿಂದ ಸಿಕ್ಕ ಆರೋಗ್ಯದ ಮಾಹಿತಿಯನ್ನು ಹೋಲಿಸಿ ನೋಡಬಲ್ಲೆಯಾ ಅನ್ನುವ ಅರ್ಥದ ಒಂದು ವಾಕ್ಯ ಅದರಲ್ಲಿದೆ. ನಾನು ಪುಸ್ತಕದ ಕನ್ನಡದಲ್ಲಿ 'ವಿವಿಧ ಮೂಲಗಳಿಂದ ದೊರೆತ ಆರೋಗ್ಯ ಮಾಹಿತಿ' ಅಂತ ಬರೆದಿದ್ದೆ. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. 'ಟೀಚರ್, ಮೂಲ ಅಂದ್ರೆ ಮೂಲವ್ಯಾಧಿನಾ?' ಕ್ಲಾಸು ಗೊಳ್ಳೆಂದು ನಕ್ಕಿತು. ಅವನು ಮಾತ್ರ ನಗಲಿಲ್ಲ, ನಿಜವಾಗಿಯೇ ಕೇಳಿದ್ದ. ಆರೋಗ್ಯದ ಬಗ್ಗೆ ಅಂತ ಹೇಳಿ ಕಾಗದ ಕೊಟ್ಟಿದ್ದೇನೆ, ಅದರಲ್ಲಿ ಮೂಲ ಅಂದರೆ ಅವನ ಅಜ್ಜನಿಗೆ ಇರುವ ಕಾಯಿಲೆ. ಅವನು ಸರಿಯಾಗಿಯೇ ಓದಿದ್ದಾನೆ, ನಾನು ತಪ್ಪಾಗಿ ಬರೆದಿದ್ದೇನೆ. ಅವನು ಕೇಳಿದ, ಗೊತ್ತಾಯಿತು. ಕೇಳದೆ ಟಿಕ್ ಹಾಕಿದ್ದರೆ ನನ್ನ ಲೆಕ್ಕದಲ್ಲಿ ಅದೂ ಒಂದು ಅಂಕ ಆಗಿ ಕೂತಿರುತ್ತಿತ್ತು.

ಆಮೇಲೆ ತಿಳಿದವರೊಬ್ಬರು ದಾರಿ ಹೇಳಿಕೊಟ್ಟರು. ಅನುವಾದ ಮಾಡಿದ್ದನ್ನು ಇನ್ನೊಬ್ಬರ ಕೈಯಲ್ಲಿ ತಿರುಗಿ ಇಂಗ್ಲಿಷಿಗೆ ಮಾಡಿಸಿ ತಾಳೆ ನೋಡಬೇಕು. ಅಷ್ಟಕ್ಕೇ ನಿಲ್ಲಿಸಬಾರದು. ಐದಾರು ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು, ಈ ವಾಕ್ಯ ನಿನ್ನನ್ನು ಏನು ಕೇಳುತ್ತಿದೆ, ನಿನ್ನ ಮಾತಲ್ಲೇ ಹೇಳು ಅನ್ನಬೇಕು. ನಿಮ್ಮ ಮನೆ ಮಾತಲ್ಲಿ ಹೇಳಿದರೂ ಸರಿ ಅನ್ನಬೇಕು. ಕೊಡಗಿನಲ್ಲಿ ಈ ಕೊನೆಯ ಮಾತು ಬಹಳ ಮುಖ್ಯ. ನನ್ನ ಒಂದೇ ಕ್ಲಾಸಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವ ಭಾಷೆ ಇವೆ, ಅಸ್ಸಾಮಿನಿಂದ ತೋಟಕ್ಕೆ ಬಂದವರ ಮಕ್ಕಳೂ ಇದ್ದಾರೆ. ಪ್ರಶ್ನೆ ಕನ್ನಡದಲ್ಲಿದ್ದರೆ ಮೊದಲು ಅಳೆಯುವುದು ಕನ್ನಡವನ್ನು. ಆರೋಗ್ಯದ ಸರದಿ ಬರುವುದು ಅದು ದಾಟಿದ ಮೇಲೆ.

ವಾಕ್ಯಗಳನ್ನೆಲ್ಲ ತಿದ್ದಿ, ಆಡುಮಾತಿಗೆ ಇಳಿಸಿ, ಮತ್ತೆ ಕೊಟ್ಟೆ. ವೈದ್ಯರು, ನರ್ಸ್ ಹೇಳಿದ ಹಾಗೆ ಮಾಡಲು ನನಗೆ ಬರುತ್ತದೆ ಅನ್ನುವ ವಾಕ್ಯಕ್ಕೆ ಮುಕ್ಕಾಲು ಕ್ಲಾಸು 'ಖಂಡಿತ ಸರಿ' ಅಂತ ಟಿಕ್ ಹಾಕಿತ್ತು. ಟೀಚರ್ ಕೊಟ್ಟ ಕಾಗದ, ಟೀಚರ್ ಎದುರಿಗೇ ನಿಂತಿದ್ದಾರೆ, ಇನ್ನೇನು ಹಾಕುತ್ತಾರೆ ಪಾಪ. ಹೆಸರು ಬರೆಯಬೇಡಿ ಅಂದರೂ ಇಬ್ಬರು ಬರೆದು ಕೆಳಗೆ ರೋಲ್ ನಂಬರೂ ಹಾಕಿದ್ದರು.

ಮಾರನೇ ದಿನ ಒಂದು ಓಆರ್‌ಎಸ್ ಪೊಟ್ಟಣ (ಭೇದಿಯಾದವರಿಗೆ ನೀರಲ್ಲಿ ಕಲಸಿ ಕೊಡುವ ಉಪ್ಪು-ಸಕ್ಕರೆ ಪುಡಿ), ಒಂದು ಸ್ಟೀಲ್ ಲೋಟ, ಒಂದು ಲೀಟರಿನ ನೀರಿನ ಬಾಟಲಿ ತಂದು ಮೇಜಿನ ಮೇಲಿಟ್ಟೆ. ತಂಗಿಗೆ ಬೆಳಗ್ಗಿಂದ ಭೇದಿ, ಮನೆಯಲ್ಲಿ ದೊಡ್ಡವರಿಲ್ಲ, ಏನು ಮಾಡ್ತೀಯ ಮಾಡಿ ತೋರಿಸು ಅಂದೆ. ಎಲ್ಲದಕ್ಕೂ 'ಖಂಡಿತ ಸರಿ' ಹಾಕಿದ್ದೆ ಅಂದ ಒಬ್ಬ ಹುಡುಗ ಮೊದಲು ಬಂದ. ಓದಿನಲ್ಲಿ ಚುರುಕು. ಹಲ್ಲಿನಿಂದ ಪೊಟ್ಟಣದ ತುದಿ ಕಚ್ಚಿ ಹರಿದು ಪೂರ್ತಿ ಪುಡಿಯನ್ನು ಲೋಟಕ್ಕೆ ಸುರಿದ. ಒಂದು ಲೀಟರಿಗೆ ಹಾಕಬೇಕಾದ್ದು ಒಂದು ಲೋಟದಲ್ಲಿ. ಅಷ್ಟು ಉಪ್ಪು ಸಣ್ಣ ಮಗುವಿನ ಹೊಟ್ಟೆಗೆ ಹೋದರೆ ಅಪಾಯವೇ.

ಆಮೇಲೆ ಬಂದವಳು ತೋಟದ ಲೈನ್ ಮನೆಯ, ಅಂದರೆ ಕೆಲಸದವರ ಸಾಲುಮನೆಯ ಹುಡುಗಿ. ವೈದ್ಯರು ಹೇಳಿದ ಹಾಗೆ ಮಾಡುವ ಆ ವಾಕ್ಯಕ್ಕೆ 'ಅಷ್ಟು ಸರಿಯಲ್ಲ' ಅಂತ ಹಾಕಿದ್ದೆ ಅಂತ ಆಮೇಲೆ ಅವಳೇ ಹೇಳಿದಳು. ಮೊದಲು ಹೊರಗೆ ಹೋಗಿ ಕೈ ತೊಳೆದು ಬಂದಳು. ಲೋಟವನ್ನು ಮುಟ್ಟಲೇ ಇಲ್ಲ. ಬಾಟಲಿ ನೋಡಿ, 'ಇದು ಕಾಯಿಸಿ ಆರಿಸಿದ ನೀರಾ ಟೀಚರ್?' ಅಂತ ಕೇಳಿ, ಪುಡಿಯನ್ನು ಅದಕ್ಕೆ ಹಾಕಿ ಕುಲುಕಿದಳು. 'ಚಮಚದಲ್ಲಿ ಸ್ವಲ್ಪ ಸ್ವಲ್ಪ ಕೊಡ್ಬೇಕು. ನಾಳೆ ಬೆಳಗ್ಗೆ ಉಳಿದದ್ದು ಚೆಲ್ಬೇಕು.' ಅಮ್ಮ ಬೆಳಗ್ಗೆ ತೋಟಕ್ಕೆ ಹೋದರೆ ತಮ್ಮನನ್ನು ನೋಡಿಕೊಳ್ಳುವವಳು ಅವಳೇ. ಆಶಾ ಅಕ್ಕ ಒಂದು ಸಲ ಮಾಡಿ ತೋರಿಸಿದ್ದರಂತೆ, ಅಷ್ಟೇ.

ಇಲ್ಲಿಗೇ ನಿಲ್ಲಿಸಿದ್ದರೆ ನನಗೂ ಖುಷಿ ಆಗುತ್ತಿತ್ತು, ಪುಸ್ತಕ ಓದಿದವನಿಗಿಂತ ಬದುಕು ಕಲಿಸಿದವಳೇ ಮೇಲು ಅಂತ ಹೇಳಿ ಮುಗಿಸಬಹುದಿತ್ತು. ಆದರೆ ನನ್ನ ಚೀಲದಲ್ಲಿ ಇನ್ನೊಂದು ಪೊಟ್ಟಣ ಇತ್ತು, ಸಣ್ಣದು, 200 ಮಿಲಿಲೀಟರ್ ನೀರಿಗೆ ಹಾಕುವಂಥದ್ದು. ಅದೂ ಅಂಗಡಿಯಲ್ಲಿ ಸಿಗುತ್ತದಲ್ವಾ. ಅವಳ ಕೈಗೆ ಅದನ್ನು ಕೊಟ್ಟೆ. ಅದನ್ನೂ ಒಂದು ಲೀಟರಿಗೇ ಸುರಿದಳು. ಪೊಟ್ಟಣದ ಮೇಲಿನ ಅಂಕಿ ನೋಡಲಿಲ್ಲ. ಹುಡುಗನಿಗೆ ಓದು ಬರುತ್ತದೆ, ಆದರೆ ಅವನು ಯಾವತ್ತೂ ಮಾಡಿದ್ದಿಲ್ಲ. ಅವಳಿಗೆ ಮಾಡಿ ಗೊತ್ತು, ಆದರೆ ಪೊಟ್ಟಣ ಬದಲಾದದ್ದು ಗೊತ್ತಾಗಲಿಲ್ಲ. ಇಬ್ಬರಿಗೂ ಕಲಿಸಬೇಕಾದ್ದು ಬೇರೆ ಬೇರೆ. ನನ್ನ ಹತ್ತು ವಾಕ್ಯದ ಕಾಗದ ನೋಡಿದರೆ ಅದರಲ್ಲಿ ಇದೊಂದೂ ಕಾಣುವುದಿಲ್ಲ, ಹುಡುಗ ಮೇಲೆ, ಹುಡುಗಿ ಕೆಳಗೆ ಅಂತ ಮಾತ್ರ ಕಾಣುತ್ತದೆ.

ಹಾಗಂತ ಆ ಕಾಗದ ಬೇಡ ಅನ್ನುವುದಿಲ್ಲ. ಸಾವಿರ ಮಕ್ಕಳಿಗೆ ಓಆರ್‌ಎಸ್ ಕಲಸಿಸಿ ನೋಡಲು ಆಗುತ್ತದಾ? ದೊಡ್ಡ ಗುಂಪಿನ ಅಂದಾಜು ಬೇಕಾದರೆ, ಈ ವರ್ಷಕ್ಕೂ ಬರುವ ವರ್ಷಕ್ಕೂ ಏನು ಬದಲಾಯಿತು ಅಂತ ನೋಡಬೇಕಾದರೆ ಅದೇ ಬೇಕು. ಆದರೆ ಅದು ಅಳೆಯುವುದು ಮಗುವಿಗೆ ತನ್ನ ಮೇಲಿರುವ ಭರವಸೆಯನ್ನು. ಅದಕ್ಕೂ ಬೆಲೆ ಇದೆ. ವೈದ್ಯರ ಎದುರು ಬಾಯಿ ಬಿಟ್ಟು ಕೇಳುವುದಕ್ಕೆ ಆ ಭರವಸೆ ಬೇಕು. ಆ ಅಂಕ ನೋಡಿ ಒಂದು ಮಗುವಿಗೆ ಏನು ಗೊತ್ತು ಅಂತ ತೀರ್ಮಾನ ಮಾಡಬೇಡಿ, ಒಂದು ಶಾಲೆಗಿಂತ ಇನ್ನೊಂದು ಮೇಲು ಅಂತ ಪಟ್ಟಿಯನ್ನಂತೂ ಮಾಡಲೇಬೇಡಿ. ಹತ್ತು ಜನರಿಗಾದರೂ ಮಾಡಿಸಿ ನೋಡಿ.

ಮೂರನೇ ಹಂತ ಅಂದೆನಲ್ಲ, ತೂಗಿ ನೋಡುವುದು, ಅದನ್ನು ಅಳೆಯುವುದು ಎಲ್ಲಕ್ಕಿಂತ ಕಷ್ಟ. 2017ರ ಫೆಬ್ರವರಿ ನೆನಪಿದೆಯಾ? ದಡಾರ-ರುಬೆಲ್ಲಾ ಲಸಿಕೆ, ಒಂಬತ್ತು ತಿಂಗಳಿಂದ 15 ವರ್ಷದೊಳಗಿನ ಎಲ್ಲರಿಗೂ. ದೇಶದಲ್ಲಿ ಮೊದಲು ಶುರುವಾದ ಕಡೆಗಳಲ್ಲಿ ಕರ್ನಾಟಕವೂ ಒಂದು. ಆಗ ವಾಟ್ಸಾಪಿನಲ್ಲಿ ಏನೇನು ಓಡಾಡಿತು, ಎಷ್ಟು ಮನೆಯವರು ಬೇಡ ಅಂದರು, ಇಲ್ಲಿ ಕೂತಿರುವ ಅಕ್ಕಂದಿರಿಗೆ ನನಗಿಂತ ಚೆನ್ನಾಗಿ ಗೊತ್ತು. ಇಂಥ ಒಂದು ಸಂದೇಶವನ್ನು ಮಕ್ಕಳ ಮುಂದಿಟ್ಟು, ಇದನ್ನು ಯಾರು ಬರೆದಿರಬಹುದು, ಯಾರನ್ನು ಕೇಳಿ ತಿಳಿದುಕೊಳ್ಳುತ್ತೀಯ ಅಂತ ಕೇಳಿದರೆ ಅವರು ಯೋಚಿಸುವ ದಾರಿ ಕಾಣುತ್ತದೆ. ಓಆರ್‌ಎಸ್ ಕಥೆಯನ್ನೇ ತೆಗೆದುಕೊಳ್ಳಿ. ಸಕ್ಕರೆ ಜಾಸ್ತಿ ಇರುವ ಪಾನೀಯದ ಡಬ್ಬಿಗಳ ಮೇಲೂ ಓಆರ್‌ಎಸ್ ಅಂತ ಹಾಕಿ ಮಾರುತ್ತಿದ್ದರು. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಅದರ ವಿರುದ್ಧ ಹೋರಾಡಿದರು. 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರು ಹಾಕುವಂತಿಲ್ಲ ಅಂತ ಆದೇಶ ಮಾಡಿತು. ಅಲ್ಲಿಯವರೆಗೆ ದೊಡ್ಡವರೇ ಮೋಸ ಹೋಗುತ್ತಿದ್ದೆವು. ಡಬ್ಬಿಯ ಹೆಸರೇ ಸುಳ್ಳಾಗಿದ್ದರೆ ಅದನ್ನು ಓದಿ ನಂಬಿದ ಮಗುವಿನ ಅಂಕ ಕಳೆಯುವುದು ನ್ಯಾಯವಾ?

ಇನ್ನೊಂದು ಮಾತು, ಮಗು ದೊಡ್ಡವರ ಚಿಕ್ಕ ರೂಪ ಅಲ್ಲ. ಗೊತ್ತಿದ್ದರೂ ಮಾಡುವ ಅಧಿಕಾರ ಅದರ ಕೈಯಲ್ಲಿರುವುದಿಲ್ಲ. ಮಾತ್ರೆ ನುಂಗಿದ ಕೂಡಲೇ ಕಾಫಿ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ ಅಂತ ನಾನು ಹೇಳಿಕೊಟ್ಟೆ, ನಿಂಬೆಹಣ್ಣು, ನೆಲ್ಲಿಕಾಯಿ ತಿಂದರೆ ಒಳ್ಳೆಯದು ಅಂತಲೂ ಹೇಳಿದೆ. ಎಲ್ಲರೂ ಬರೆದುಕೊಂಡರು. ಬೆಲ್ಲದ ಕಾಫಿ ಇಲ್ಲದೆ ದಿನ ಶುರುವಾಗದ ಮನೆಯಲ್ಲಿ, ಅದೇ ಬೆಳಗಿನ ಊಟವೂ ಆಗಿರುವ ಮನೆಯಲ್ಲಿ ಬೇಡ ಅನ್ನಲು ಹತ್ತು ವರ್ಷದ ಮಗುವಿಗೆ ಆಗುತ್ತದಾ? ಅದಕ್ಕೇ ನಾವು ಶಾಲೆಯಲ್ಲಿ ಮಾತ್ರೆಯನ್ನು ಬಿಸಿಯೂಟದ ನಂತರ ಕೊಡುತ್ತೇವೆ. ಆ ಹೊತ್ತಲ್ಲಿ ಕಾಫಿಯ ಸುದ್ದಿ ಇಲ್ಲ. ಮಗುವಿನ ತಿಳಿವು ಒಂದಿಷ್ಟೂ ಏರದೆ ಕೆಲಸ ಆಗುತ್ತದೆ.

ನೀಲಿ ಮಾತ್ರೆಯ ಹುಡುಗಿ ಏನಾದಳು ಅಂತ ಕೇಳುತ್ತೀರಿ. ಮುಂದಿನ ವಾರ ಮಾತ್ರೆ ಕೊಡುವ ಮೊದಲು ಇಡೀ ಕ್ಲಾಸಿಗೆ ಹೇಳಿದೆ: ಮದ್ದು ಪಾಯಸ ತಿಂದಾಗ ಕೆಂಪು ಹೇಗೋ, ಇದನ್ನು ನುಂಗಿದಾಗ ಕಪ್ಪು ಹಾಗೆ, ಮನೆಯಲ್ಲೂ ಹೇಳಿ. ಎಲ್ಲರೂ ಮುಖ ಮುಖ ನೋಡಿಕೊಂಡರು. ಎಷ್ಟು ಜನ ಒಬ್ಬರಿಗೊಬ್ಬರು ಹೇಳದೆ ಹೆದರಿದ್ದರು ಅಂತ ಆಗ ಗೊತ್ತಾಯಿತು. ಚರಂಡಿಯನ್ನು ಆಮೇಲೆಯೂ ನೋಡುತ್ತಿರುತ್ತೇನೆ. ಪೂರ್ತಿ ನಿಂತಿಲ್ಲ, ವಾಕರಿಕೆ ಬರುವವರು ಇದ್ದಾರೆ, ಆದರೆ ಕಡಿಮೆಯಾಗಿದೆ.

ಮಾತು ಮುಗಿದ ಮೇಲೆ ಒಬ್ಬ ಮೇಷ್ಟ್ರು ಕೇಳಿದರು, ನೀವು ಈ ಟಿಕ್ ಕಾಗದ, ಪೊಟ್ಟಣದ ಪರೀಕ್ಷೆ ಎಲ್ಲ ಮಾಡಿದ್ದು ಯಾವ ತಿಂಗಳಲ್ಲಿ ಅಂತ. ಜನವರಿಯಲ್ಲಿ ಅಂದೆ. 'ಕಾಫಿ ಕುಯ್ಲಿನ ಹೊತ್ತಲ್ಲಿ ಲೈನ್ ಮನೆ ಮಕ್ಕಳು ಎಷ್ಟು ಜನ ಬಂದಿದ್ರು ಮೇಡಂ?' ನನ್ನಲ್ಲಿ ಉತ್ತರ ಇರಲಿಲ್ಲ. ಮನೆಗೆ ಬಂದು ಆ ದಿನಗಳ ಹಾಜರಾತಿ ನೋಡಿದೆ. ಗೈರಾದವರಲ್ಲಿ ಹೆಚ್ಚಿನವರು ಅವರೇ. ಸಣ್ಣವರನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದವರು, ಓಆರ್‌ಎಸ್ ಕಲಸುವ ಕೆಲಸ ನಿಜವಾಗಿಯೂ ಯಾರ ತಲೆಯ ಮೇಲಿದೆಯೋ ಆ ಮಕ್ಕಳೇ ನನ್ನ ಲೆಕ್ಕದಲ್ಲಿ ಇರಲಿಲ್ಲ. ನನಗೆ ಸಿಕ್ಕಿದ್ದು ಅವತ್ತು ಹೇಗೋ ಬಂದಿದ್ದ ಒಬ್ಬಳು.

ಸಿದ್ದಾಪುರ ಕಡೆಯ ಒಬ್ಬರು ಆಶಾ ಅಕ್ಕ ಸಭೆಯಲ್ಲೇ ಹೇಳಿದ್ದರು, 'ಸಂತೆ ದಿನ ತೋಟಕ್ಕೆ ರಜೆ. ಬೆಳಗ್ಗೆ ಒಂಬತ್ತರೊಳಗೆ ಲೈನಿಗೆ ಬನ್ನಿ, ಎಲ್ಲ ಸಿಗ್ತಾರೆ. ಆಮೇಲೆ ಬಂದ್ರೆ ಸಂತೆಗೆ ಹೋಗಿರ್ತಾರೆ.' ಮುಂದಿನ ಸಂತೆ ದಿನ ಅವರ ಜೊತೆ ಹೋಗುವುದು ಅಂತ ಮಾಡಿಕೊಂಡಿದ್ದೇವೆ. ಟಿಕ್ ಹಾಕುವ ಕಾಗದ ಒಯ್ಯುವುದಿಲ್ಲ. ಎರಡು ಬಗೆಯ ಪೊಟ್ಟಣ, ಒಂದು ಲೋಟ, ಒಂದು ಲೀಟರಿನ ಬಾಟಲಿ ಚೀಲದಲ್ಲಿ ಹಾಕಿಟ್ಟಿದ್ದೇನೆ.